ಮದುವೆಗೆ ಜೇನಿನ ಬಾಟಲಿ: ಹೆಸರು ಆಮೇಲೆ, ಮೊದಲು ತುಪ್ಪ ನೋಡಿ

ಪ್ರಶ್ನೆ: ಬರುವ ಏಪ್ರಿಲ್ ಕೊನೆಗೆ ಪುತ್ತೂರಿನಲ್ಲಿ ನನ್ನ ಮದುವೆ, ಮರುವಾರ ಬೆಂಗಳೂರಿನಲ್ಲಿ ಆರತಕ್ಷತೆ. ತಾಂಬೂಲದ ಜೊತೆ ಸ್ಟೀಲ್ ಬಟ್ಟಲು, ಪ್ಲಾಸ್ಟಿಕ್ ಡಬ್ಬಿ ಕೊಡುವ ಬದಲು ನಮ್ಮಿಬ್ಬರ ಹೆಸರು ಹಾಕಿದ ಜೇನಿನ ಪುಟ್ಟ ಬಾಟಲಿ ಕೊಡೋಣ ಅಂತ ಆಸೆ. ಎರಡೂ ಕಡೆ ಸೇರಿ 600 ಜನ ಆಗಬಹುದು. ಆನ್‌ಲೈನ್‌ನಲ್ಲಿ 30 ಗ್ರಾಂ ಬಾಟಲಿಗೆ ಫೋಟೊ, ಹೆಸರು ಎಲ್ಲ ಹಾಕಿ ಕೊಡುವವರು ಇದ್ದಾರೆ. ಅಪ್ಪ, ಊರಿನ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನುಹುಳ) ಜೇನೇ ಆಗಬೇಕು ಎನ್ನುತ್ತಾರೆ. ಅತ್ತೆ, ಊರಿನ ಜೇನು ಗಟ್ಟಿಯಾಗುತ್ತದೆ, ಹುಳಿ ಬರುತ್ತದೆ, ನೆಂಟರು ಆಡಿಕೊಳ್ಳುತ್ತಾರೆ ಎನ್ನುತ್ತಾರೆ. ಯಾರ ಮಾತು ಕೇಳಲಿ? ಗಾಜೋ ಪ್ಲಾಸ್ಟಿಕ್ಕೋ? ಲೇಬಲ್ ಮೇಲೆ ಏನೇನು ಹಾಕಬೇಕು?

ಉತ್ತರ: ಅಪ್ಪ ಹೇಳಿದ್ದೂ ಸರಿ, ಅತ್ತೆ ಹೇಳಿದ್ದೂ ಸರಿ. ಊರಿನ ತುಡುವೆ ಜೇನಿಗೆ ಸಮನಾದ ಉಡುಗೊರೆ ಇಲ್ಲ. ಆದರೆ ನೋಡಿ ಕೊಳ್ಳದಿದ್ದರೆ ಅದು ಹುಳಿ ಬರುವುದೂ ನಿಜ. ನಾನು ಸುಳ್ಯದ ಕಡೆ ಜೇನು ಸಾಕಿ, ಜೇನುತುಪ್ಪ (ಮುಂದೆ ಬರೀ ತುಪ್ಪ ಎನ್ನುತ್ತೇನೆ) ತುಂಬಿ ಮಾರುವವನು. ಮದುವೆ ಮನೆಯವರು ನನ್ನ ಹತ್ತಿರ ಬಂದಾಗ ಮೊದಲು ಕೇಳುವುದು ಸ್ಟಿಕ್ಕರ್ ವಿಷಯ, ಆಮೇಲೆ ಬಾಟಲಿಯ ಆಕಾರ. ಕೊನೆಗೆ, ಹೊರಡುವ ಹೊತ್ತಿಗೆ, 'ಹಾಂ, ಜೇನು ಒಳ್ಳೆಯದೇ ಅಲ್ವಾ?' ಎಂದು ಒಂದು ಮಾತು. ನೀವು ಇದನ್ನು ತಿರುಗಿಸಿ. ಮೊದಲು ತುಪ್ಪ, ಆಮೇಲೆ ಮುಚ್ಚಳ, ಎಲ್ಲಕ್ಕಿಂತ ಕೊನೆಗೆ ಹೆಸರು. ಹೆಸರನ್ನು ನೆಂಟರು ಒಂದು ಸಲ ಓದುತ್ತಾರೆ. ತುಪ್ಪವನ್ನು ತಿಂಗಳುಗಟ್ಟಲೆ ದೋಸೆಗೆ ಹಾಕಿಕೊಳ್ಳುತ್ತಾರೆ.

ಮೊದಲು ಲೆಕ್ಕ. 600 ಜನ ಎಂದರೆ 600 ಬಾಟಲಿ ಬೇಕಾಗಿಲ್ಲ. ಬರುವವರು ಮನೆಮನೆಯಾಗಿ ಬರುತ್ತಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಮನೆಗೆ 30 ಗ್ರಾಂನ ನಾಲ್ಕು ಬಾಟಲಿ ಕೊಟ್ಟರೆ ಅದು ಅಡುಗೆಮನೆಯ ಶೆಲ್ಫಿನಲ್ಲಿ ನಾಲ್ಕು ಕಡೆ ಬಿದ್ದಿರುತ್ತದೆ. ಅದರ ಬದಲು ಮನೆಗೊಂದು 100 ಗ್ರಾಂ ಬಾಟಲಿ ಕೊಡಿ. 600 ಜನರೆಂದರೆ ಸುಮಾರು 200, 220 ಮನೆ ಆಗುತ್ತದೆ ಅಂತಿಟ್ಟುಕೊಳ್ಳಿ, ಒಂಟಿಯಾಗಿ ಬರುವ ಆಫೀಸಿನವರು ಜಾಸ್ತಿ ಇದ್ದರೆ ಆ ಸಂಖ್ಯೆ ಮೇಲೆ ಹೋಗುತ್ತದೆ, ಆಮಂತ್ರಣದ ಪಟ್ಟಿ ಹಿಡಿದು ನೀವೇ ಎಣಿಸಿ ನೋಡಿ.

ದುಡ್ಡಿನ ಲೆಕ್ಕವೂ ಇಲ್ಲೇ ಮುಗಿಸಿಬಿಡೋಣ. ಉದಾಹರಣೆಗೆ ಜೇನು ಕಿಲೋಗೆ 600 ರೂಪಾಯಿ ಎಂದು ಹಿಡಿಯಿರಿ. 30 ಗ್ರಾಂನಂತೆ 600 ಬಾಟಲಿಗೆ 18 ಕಿಲೋ, 10,800 ರೂಪಾಯಿ. ಖಾಲಿ ಬಾಟಲಿ, ಮುಚ್ಚಳ, ಸ್ಟಿಕ್ಕರ್ ಎಲ್ಲ ಸೇರಿ ಒಂದಕ್ಕೆ 20 ರೂಪಾಯಿ ಬಿದ್ದರೆ ಅದೇ 12,000. ಒಟ್ಟು 22,800. ಇನ್ನು 100 ಗ್ರಾಂನಂತೆ 220 ಬಾಟಲಿಗೆ 22 ಕಿಲೋ, 13,200 ರೂಪಾಯಿ. ಬಾಟಲಿ ದೊಡ್ಡದು, ಒಂದಕ್ಕೆ 25 ಎಂದುಕೊಂಡರೂ 5,500. ಒಟ್ಟು 18,700. ಜೇನು ಜಾಸ್ತಿ ಕೊಟ್ಟೂ ಖರ್ಚು ಕಡಿಮೆ. ನಿಮ್ಮ ಕಡೆಯ ನಿಜವಾದ ದರ ಹಾಕಿ ನೋಡಿದರೂ ಹೆಚ್ಚುಕಡಿಮೆ ಹೀಗೇ ಬರುತ್ತದೆ, ಯಾಕೆಂದರೆ ಸಣ್ಣ ಬಾಟಲಿಯಲ್ಲಿ ನೀವು ದುಡ್ಡು ಕೊಡುವುದು ಗಾಜಿಗೆ ಮತ್ತು ಸ್ಟಿಕ್ಕರ್‌ಗೆ.

ಬಾಟಲಿ ಕೊಳ್ಳುವಾಗ ಎಲ್ಲರೂ ಒಂದು ಕಡೆ ಎಡವುತ್ತಾರೆ. ಬಾಟಲಿ ಮಾರುವವರು ಮಿಲಿಲೀಟರ್ ಲೆಕ್ಕದಲ್ಲಿ ಮಾರುತ್ತಾರೆ, ಜೇನು ತೂಗುವುದು ಗ್ರಾಂನಲ್ಲಿ. ಜೇನು ನೀರಿಗಿಂತ ಭಾರ, ಒಂದು ಲೀಟರ್ ಜೇನು ಸುಮಾರು 1.4 ಕಿಲೋ ತೂಗುತ್ತದೆ. 100 ಗ್ರಾಂ ಬೇಕೆಂದು 100 ಮಿ.ಲೀ. ಬಾಟಲಿ ತಂದರೆ ಅದರಲ್ಲಿ 140 ಗ್ರಾಂ ಹಿಡಿಯುತ್ತದೆ. ಪೂರ್ತಿ ತುಂಬಿದರೆ ಜೇನು ಸಾಲದೆ ಬರುತ್ತದೆ, 100 ಗ್ರಾಂ ಮಾತ್ರ ಹಾಕಿದರೆ ಮೇಲೆ ಖಾಲಿ ಕಂಡು, ಇದೇನು ಮುಕ್ಕಾಲು ಬಾಟಲಿ ಕೊಟ್ಟಿದ್ದಾರೆ ಅನಿಸುತ್ತದೆ. ನಿಮಗೆ ಬೇಕಾಗಿರುವುದು 75ರಿಂದ 80 ಮಿ.ಲೀ. ಬಾಟಲಿ.

ಈಗ ಜೇನಿಗೆ ಬರೋಣ. ನೀವು ಪುತ್ತೂರಿನವರು, ಇದು ದೊಡ್ಡ ಅನುಕೂಲ. ನಮ್ಮ ದಕ್ಷಿಣ ಕನ್ನಡದಲ್ಲಿ ತುಪ್ಪ ಬರುವುದು ಬೇಸಿಗೆಯಲ್ಲಿ, ಮದುವೆ ಏಪ್ರಿಲ್ ಕೊನೆಗೆ. ಹೊಸ ತುಪ್ಪವೇ ಸಿಗುತ್ತದೆ. ನವೆಂಬರ್‌ನಲ್ಲೋ ಡಿಸೆಂಬರ್‌ನಲ್ಲೋ ಮದುವೆ ಆಗಿದ್ದರೆ ಒಂದು ಮಳೆಗಾಲ ಕಳೆದ ತುಪ್ಪವನ್ನೇ ಕೊಳ್ಳಬೇಕಿತ್ತು. ಅದನ್ನು ಎಲ್ಲಿಟ್ಟಿದ್ದರು, ಹೇಗಿಟ್ಟಿದ್ದರು ಎಂದು ವಿಚಾರಿಸುವ ಕೆಲಸ ಬೇರೆ.

ಆದರೆ ಒಂದು ವಿಷಯ ಗೊತ್ತಿರಲಿ. ತುಡುವೆ ಒಂದು ಪೆಟ್ಟಿಗೆಗೆ ವರ್ಷಕ್ಕೆ 5ರಿಂದ 10 ಕಿಲೋ ತುಪ್ಪ ಕೊಟ್ಟರೆ ಅದು ಒಳ್ಳೆಯ ವರ್ಷ. ನಿಮಗೆ ಬೇಕಾಗಿರುವುದು ಚೆಲ್ಲುವುದು, ಒಡೆಯುವುದು ಎಲ್ಲ ಸೇರಿ 25 ಕಿಲೋ. ಮನೆಯ ಹಿಂದೆ ಎರಡು ಪೆಟ್ಟಿಗೆ ಇಟ್ಟಿರುವ ಪಕ್ಕದ ಮನೆಯವರಿಂದ ಅದು ಆಗುವುದಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಕಡೆಯ ತುಡುವೆ ಕುಟುಂಬಗಳು ಸಾಲುಸಾಲಾಗಿ ಸತ್ತವು. ಜೇನು ಸಾಕುವುದನ್ನೇ ಆಗ ಬಿಟ್ಟವರೂ ಇದ್ದಾರೆ. ಅಪ್ಪನ ಕಾಲದ ಹಾಗೆ ಮನೆಮನೆಯಲ್ಲೂ ಜೇನು ಸಿಗುತ್ತದೆ ಎಂದುಕೊಂಡು ಮದುವೆಗೆ ಹತ್ತು ದಿನ ಇರುವಾಗ ಹುಡುಕಲು ಹೊರಟರೆ ಸಿಕ್ಕಿದ್ದನ್ನು ಕೊಳ್ಳಬೇಕಾಗುತ್ತದೆ. ಈಗಲೇ ನಾಲ್ಕೈದು ಸಾಕಣೆದಾರರ ಹತ್ತಿರ ಮಾತಾಡಿ, ಮಾರ್ಚ್ ತುಪ್ಪ ನನಗೆ ಎಂದು ಹೇಳಿಡಿ. ಆ ಓಡಾಟ ಬೇಡವೆಂದರೆ ನಿಮ್ಮ ಪುತ್ತೂರಿನಲ್ಲೇ ಜೇನು ವ್ಯವಸಾಯಗಾರರ ಸಹಕಾರಿ ಸಂಘ ಇದೆ, 'ಮಾಧುರಿ' ಹೆಸರಿನಲ್ಲಿ ಮಾರುತ್ತಾರಲ್ಲ, ಅದೇ. ಮೊದಲು ಅಲ್ಲಿ ಹೋಗಿ ಕೇಳಿ.

ಶುದ್ಧವೋ ಅಲ್ಲವೋ ಎಂದು ಮನೆಯಲ್ಲಿ ನೋಡುವ ಪರೀಕ್ಷೆಗಳಿವೆಯಲ್ಲ, ನೀರಿಗೆ ಬಿಟ್ಟು ನೋಡುವುದು, ಬೆಂಕಿಕಡ್ಡಿಗೆ ಹಚ್ಚಿ ಗೀರುವುದು, ಇರುವೆ ಬರುತ್ತದಾ ನಾಯಿ ನೆಕ್ಕುತ್ತದಾ ಎಂದು ಕಾಯುವುದು. ಅವುಗಳಿಂದ ಏನೂ ತಿಳಿಯುವುದಿಲ್ಲ. ಗಟ್ಟಿ ಸಕ್ಕರೆ ಪಾಕವೂ ನೀರಿನಲ್ಲಿ ತಳಕ್ಕೆ ಹೋಗುತ್ತದೆ. ನೀರಿನಂಶ ಜಾಸ್ತಿ ಇರುವ ಅಪ್ಪಟ ಜೇನು ಬೇಗ ಕರಗುತ್ತದೆ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಮಾರುಕಟ್ಟೆಯ ಜೇನು ಪರೀಕ್ಷೆ ಮಾಡಿಸಿದಾಗ ಹೊರಬಿದ್ದದ್ದೂ ಇದೇ ತರಹದ ವಿಷಯ. ಪ್ರಯೋಗಾಲಯದ ಮಾಮೂಲಿ ಪರೀಕ್ಷೆಗೂ ಸಿಗದ ಹಾಗೆ ಪಾಕ ತಯಾರಿಸಿ ಬೆರೆಸುತ್ತಾರೆ ಎಂದು ಅವರು ಹೇಳಿದರು. ಪ್ರಯೋಗಾಲಯಕ್ಕೇ ಸಿಗದ್ದು ಬೆಂಕಿಕಡ್ಡಿಗೆ ಸಿಗುತ್ತದಾ? ಸುಮ್ನೆ ಹೊತ್ತು ಹಾಳು. ಪೆಟ್ಟಿಗೆ ಇರುವ ತೋಟಕ್ಕೆ ಹೋಗಿ, ತುಪ್ಪ ತೆಗೆಯುವ ದಿನ ನಿಂತು ನೋಡಿ. ಹೇಗೂ ಊರಲ್ಲೇ ಇರುತ್ತದಲ್ವಾ.

ಹೋದಾಗ ಎರಿ, ಅಂದರೆ ಹುಳಗಳು ಕಟ್ಟಿದ ಮೇಣದ ಹಲ್ಲೆ, ನೋಡಿ. ಜೇನುಹುಳ ತುಪ್ಪ ಹಣ್ಣಾದ ಮೇಲೆ ಕೋಣೆಗಳ ಬಾಯಿಗೆ ತೆಳುವಾದ ಬಿಳಿ ಮೇಣದ ಮುಚ್ಚಳ ಹಾಕುತ್ತದೆ. ಎರಿಯ ಮುಕ್ಕಾಲು ಭಾಗವಾದರೂ ಮುಚ್ಚಿರಬೇಕು. ಬಾಯಿ ತೆರೆದ ಕೋಣೆಗಳೇ ಜಾಸ್ತಿ ಇರುವ ಎರಿಯನ್ನು ಯಂತ್ರಕ್ಕೆ ಹಾಕಿ ತಿರುಗಿಸಿದರೆ ಬರುವುದು ಹಸಿ ತುಪ್ಪ, ನೀರು ನೀರು. ನಿಮ್ಮ ಅತ್ತೆ ಹೇಳಿದ ಹುಳಿ ಬರುವುದು ಇಲ್ಲಿಂದಲೇ.

ಹುಳಿ ಬರುವುದೆಂದರೆ ಏನು? ಜೇನಿನಲ್ಲಿ ಯೀಸ್ಟ್ ಸಹಜವಾಗಿಯೇ ಇರುತ್ತದೆ. ನೀರಿನಂಶ ಕಡಿಮೆ ಇದ್ದಷ್ಟು ದಿನ ಅದು ಸುಮ್ಮನಿರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಜೇನಿನಲ್ಲಿ ನೀರಿನಂಶ ಶೇ 20 ಮೀರಬಾರದು ಎಂದು ಮಿತಿ ಇಟ್ಟಿದೆ. 18, 19 ಇದ್ದರೆ ಬಹುಮಟ್ಟಿಗೆ ನಿಶ್ಚಿಂತೆ. ಕರಾವಳಿಯ ತುಡುವೆ ತುಪ್ಪ ಎಷ್ಟೋ ಸಲ 20 ದಾಟುತ್ತದೆ, ಮಳೆ ಬಿದ್ದ ಮೇಲೆ ತೆಗೆದದ್ದಂತೂ ಕೇಳುವುದೇ ಬೇಡ. ಆಗ ಬಾಟಲಿಯ ಕೊರಳಿನ ಸುತ್ತ ಸಣ್ಣ ನೊರೆ ಉಂಗುರದ ಹಾಗೆ ಕೂರುತ್ತದೆ, ಮುಚ್ಚಳ ತೆಗೆದರೆ ಟಪ್ ಎಂದು ಗಾಳಿ ಹೊರಬರುತ್ತದೆ, ಮೂಗಿಗೆ ಹಿಡಿದರೆ ಕಳ್ಳಿನ ವಾಸನೆ. ಮದುವೆ ಮುಗಿದು ಎರಡು ತಿಂಗಳಿಗೆ ನೆಂಟರ ಮನೆಯ ಕಪಾಟಿನಲ್ಲಿ ಜಿನುಗಿ ಅಂಟಂಟಾಗುವುದು ಇಂಥ ಬಾಟಲಿ.

ಇದನ್ನು ಅಳೆಯಲು ರಿಫ್ರ್ಯಾಕ್ಟೋಮೀಟರ್ ಎಂಬ ಚಿಕ್ಕ ಕೊಳವೆಯಂಥ ಉಪಕರಣ ಇದೆ. ಅದರ ಗಾಜಿನ ಮೇಲೆ ಒಂದು ಹನಿ ತುಪ್ಪ ಹಚ್ಚಿ, ಮುಚ್ಚಿ, ಬೆಳಕಿನ ಕಡೆ ಹಿಡಿದು ಕಣ್ಣಿಟ್ಟು ನೋಡಿದರೆ ಒಳಗೆ ನೀಲಿ ಮತ್ತು ಬಿಳಿ ಸೇರುವ ಗೆರೆ ಕಾಣುತ್ತದೆ. ಆ ಗೆರೆ ನಿಂತ ಅಂಕಿಯೇ ನೀರಿನಂಶ. ವ್ಯಾಪಾರಕ್ಕೆಂದು ಜೇನು ಸಾಕುವವರ ಹತ್ತಿರ ಇದು ಇರುತ್ತದೆ. 'ನೀರಿನಂಶ ಎಷ್ಟಿದೆ?' ಎಂದು ಕೇಳಿ, ನಿಮ್ಮ ಕಣ್ಣೆದುರೇ ಅಳೆಯಲು ಹೇಳಿ. ಬೇಸರ ಮಾಡಿಕೊಳ್ಳುವವರ ಹತ್ತಿರ 25 ಕಿಲೋ ಕೊಳ್ಳಬೇಡಿ.

20ಕ್ಕಿಂತ ಕಡಿಮೆ ಇದ್ದರೆ ಹಾಗೆಯೇ ಸೋಸಿ ತುಂಬಿ. ಮೇಲಿದ್ದರೆ ಸಂಸ್ಕರಣೆ ಮಾಡಿಸಬೇಕು. ಅಂದರೆ ಸುಮಾರು 60 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಕಾಯಿಸಿ, ನೀರಿನಂಶ ಇಳಿಸಿ, ಸೋಸುವುದು. ಯೀಸ್ಟ್ ಸಾಯುತ್ತದೆ, ಪರಿಮಳ ಒಂದಿಷ್ಟು ಹೋಗುತ್ತದೆ. 'ಕಾಯಿಸಿದ ಜೇನು ವಿಷ' ಎನ್ನುವ ಹಿರಿಯರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ಆಯುರ್ವೇದದಲ್ಲಿ ಜೇನನ್ನು ಬಿಸಿ ಮಾಡಬೇಡಿ ಎಂದಿರುವುದು ಹೌದು, ಅವರ ಹತ್ತಿರ ವಾದ ಬೇಡ. ಅದಕ್ಕೇ ಮೊದಲೇ ಓಡಾಡಿ ಹಣ್ಣಾದ ತುಪ್ಪ ಹುಡುಕಿ ಎನ್ನುವುದು. ಮಧುಪರ್ಕಕ್ಕೆ ಬೇಕಾದ ಜೇನನ್ನೂ ಅದರಲ್ಲೇ ಒಂದು ಬಾಟಲಿ ತೆಗೆದಿಟ್ಟರೆ ಪುರೋಹಿತರಿಗೂ ಖುಷಿ.

ಇನ್ನು ಗಟ್ಟಿಯಾಗುವುದು. ಇದು ಹುಳಿ ಬಂದ ಹಾಗಲ್ಲ, ಜೇನು ಕೆಟ್ಟಿರುವುದಿಲ್ಲ. ಜೇನಿನಲ್ಲಿರುವ ಗ್ಲೂಕೋಸ್ ಹರಳುಗಟ್ಟುತ್ತದೆ, ಅಷ್ಟೇ. ಯಾವ ಗಿಡದ ಜೇನು ಎನ್ನುವುದರ ಮೇಲೆ ಬೇಗ ಗಟ್ಟಿಯಾಗುತ್ತದೋ ನಿಧಾನವೋ ಎನ್ನುವುದು ನಿಂತಿದೆ. ಪುತ್ತೂರು, ಸುಳ್ಯದ ಕಡೆ ರಬ್ಬರ್ ತೋಟ ಎಷ್ಟಿದೆ ಎಂದು ನಿಮಗೆ ಗೊತ್ತೇ ಇದೆ. ರಬ್ಬರ್ ಎಲೆ ಉದುರಿ ಹೊಸ ಚಿಗುರು ಬರುವಾಗ ಎಲೆಯ ತೊಟ್ಟಿನ ತುದಿಯಲ್ಲಿರುವ ಗ್ರಂಥಿಗಳಿಂದ ಸಿಹಿರಸ ಒಸರುತ್ತದೆ. ಹೂವಿನದಲ್ಲ, ಎಲೆಯದು. ನಮ್ಮ ಬೇಸಿಗೆ ತುಪ್ಪದಲ್ಲಿ ದೊಡ್ಡ ಪಾಲು ಅದೇ. ಬಣ್ಣ ತಿಳಿ, ರುಚಿ ಸೌಮ್ಯ, ಆದರೆ ಬೇಗ ಹರಳುಗಟ್ಟುತ್ತದೆ. ಸೂರ್ಯಕಾಂತಿ ಜೇನೂ ಹಾಗೆಯೇ. ಕಾಡು ಹತ್ತಿರವಿರುವ ಕಡೆ ಇಟ್ಟ ಪೆಟ್ಟಿಗೆಯ ತುಪ್ಪ ಬಣ್ಣದಲ್ಲಿ ಗಾಢ, ರುಚಿ ಖಾರವೋ ಒಗರೋ ಎನ್ನುವ ಹಾಗಿರುತ್ತದೆ, ನೇರಳೆ ಹೂವಿನದಾದರೆ ಸ್ವಲ್ಪ ಕಹಿಯೂ ಇರುತ್ತದೆ. ನನ್ನನ್ನು ಕೇಳಿದರೆ ಮದುವೆಗೆ ಕಾಡಿನಂಚಿನ ತುಪ್ಪವೇ ಚೆಂದ. ಗಾಜಿನಲ್ಲಿ ಬಣ್ಣವೂ ಎದ್ದು ಕಾಣುತ್ತದೆ. ಆದರೆ ಕಹಿ ಜೇನು ಬೇಡ, ಅದರ ರುಚಿ ಗೊತ್ತಿಲ್ಲದವರು ಹಾಳಾಗಿದೆ ಎಂದುಕೊಳ್ಳುತ್ತಾರೆ. ಕೊಳ್ಳುವ ಮೊದಲು ಒಂದು ಚಮಚ ನಾಲಿಗೆಗೆ ಹಾಕಿ ನೋಡಿ.

ಬೆಂಗಳೂರಿನ ನೆಂಟರು ಮಾಡುವ ಕೆಲಸ ಒಂದಿದೆ. ಮನೆಗೆ ಹೋದ ಕೂಡಲೇ ಜೇನಿನ ಬಾಟಲಿಯನ್ನು ಫ್ರಿಜ್ಜಿಗೆ ಇಡುತ್ತಾರೆ. ಜೇನು ಅತಿ ಬೇಗ ಹರಳುಗಟ್ಟುವುದು 14 ಡಿಗ್ರಿ ಆಸುಪಾಸಿನಲ್ಲಿ, ಫ್ರಿಜ್ಜಿನ ತಂಪೂ ಹೊರಗಿನ ಸೆಕೆಗಿಂತ ಅದಕ್ಕೆ ಅನುಕೂಲ. ಆಮೇಲೆ ತೆಗೆದು ನೋಡಿ, 'ಸಕ್ಕರೆ ಹಾಕಿದ್ದಾರೆ ನೋಡು' ಎನ್ನುತ್ತಾರೆ. ಇದಕ್ಕೆ ಉತ್ತರ ಲೇಬಲ್ ಮೇಲೇ ಇರಬೇಕು, ಆ ವಿಷಯಕ್ಕೆ ಬರುತ್ತೇನೆ.

ಗಾಜೋ ಪ್ಲಾಸ್ಟಿಕ್ಕೋ ಎಂದರೆ ಗಾಜು. ಗಟ್ಟಿಯಾದರೆ ಬಿಸಿನೀರಿನಲ್ಲಿಡಬಹುದು, ಖಾಲಿಯಾದ ಮೇಲೆ ಏಲಕ್ಕಿ, ಲವಂಗ ಹಾಕಿಡುತ್ತಾರೆ. ಆರು ಮೂಲೆಯ ಬಾಟಲಿ ಈಗ ಎಲ್ಲ ಕಡೆ ಓಡುತ್ತಿದೆ, ಕಾಣಲು ಚೆಂದ. ಆದರೆ ಸ್ಟಿಕ್ಕರ್ ಒಂದೇ ಮುಖದ ಮೇಲೆ ಕೂರಬೇಕು, ಅಗಲ ಸಾಲುವುದಿಲ್ಲ. ಗುಂಡನೆಯ ಬಾಟಲಿಗೆ ಸುತ್ತಲೂ ಅಂಟಿಸಬಹುದು. ನಿಮಗೆ ಲೇಬಲ್ ಮುಖ್ಯ ಎನ್ನುವುದಾದರೆ ಗುಂಡನೆಯದನ್ನೇ ತೆಗೆದುಕೊಳ್ಳಿ.

ಬಾಟಲಿಗಿಂತ ಮುಚ್ಚಳ ಮುಖ್ಯ. ತಗಡಿನ ಮುಚ್ಚಳವಾದರೆ ಒಳಗಡೆ ಸುತ್ತಲೂ ರಬ್ಬರಿನಂಥ ಪಟ್ಟಿ ಸಮನಾಗಿ ಇದೆಯಾ ನೋಡಿ, ಗೀರು ಇರಬಾರದು. ಜೇನು ಹುಳಿ ಗುಣದ್ದು, ಗೀರು ಬಿದ್ದ ತಗಡು ತುಕ್ಕು ಹಿಡಿಯುತ್ತದೆ. ಚಿನ್ನದ ಬಣ್ಣದ ಅಗ್ಗದ ಮುಚ್ಚಳದಲ್ಲಿ ಇದು ಜಾಸ್ತಿ. ದೂರ ಪ್ರಯಾಣ ಇರುವವರಿಗೆ ಪ್ಲಾಸ್ಟಿಕ್ ಮುಚ್ಚಳದ ಒಳಗಿನ ಅಲ್ಯೂಮಿನಿಯಂ ಹಾಳೆಯನ್ನು ಬಾಟಲಿಯ ಬಾಯಿಗೆ ಅಂಟಿಸುವ ಇಂಡಕ್ಷನ್ ಸೀಲ್ ಮಾಡಿಸಿದರೆ ಸೋರುವ ಮಾತೇ ಇಲ್ಲ. ತುಪ್ಪ ಪ್ಯಾಕ್ ಮಾಡುವವರ ಹತ್ತಿರ ಕೈಯಲ್ಲಿ ಹಿಡಿಯುವ ಯಂತ್ರ ಇರುತ್ತದೆ, ಕೇಳಿ.

ಮನೆಯಲ್ಲೇ ತುಂಬುವುದಾದರೆ, ಖಂಡಿತ ಆಗುತ್ತದೆ, ಅಕ್ಕತಂಗಿಯರು, ಅತ್ತಿಗೆಯಂದಿರು ಕೂತರೆ ಒಂದು ಮಧ್ಯಾಹ್ನದ ಕೆಲಸ. ಬಾಟಲಿ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ತಳದಲ್ಲಿ ಒಂದು ಹನಿ ನೀರು ಉಳಿದರೂ ಆ ಬಾಟಲಿಗೆ ಹುಳಿ ಬರಬಹುದು. ತುಪ್ಪವನ್ನು ತೆಳು ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಪಾತ್ರೆಯಲ್ಲಿ ಎರಡು ದಿನ ಅಲುಗಾಡಿಸದೆ ಇಡಿ. ನೊರೆ, ಮೇಣದ ಚೂರು ಎಲ್ಲ ಮೇಲೆ ಬರುತ್ತದೆ, ಅದನ್ನು ತೆಗೆದು ಮನೆಯಲ್ಲೇ ತಿನ್ನಿ. ತಳದಲ್ಲಿ ನಲ್ಲಿ ಇರುವ ಸ್ಟೀಲ್ ಪಾತ್ರೆ ಸಿಕ್ಕಿದರೆ ಕೆಲಸ ಅರ್ಧ. ತಕ್ಕಡಿ ಮೇಲೆ ಬಾಟಲಿ ಇಟ್ಟು ತುಂಬಿ, ಒಬ್ಬರು ತುಂಬುವಾಗ ಇನ್ನೊಬ್ಬರು ಕೂಡಲೇ ಮುಚ್ಚಳ ಹಾಕಲಿ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನಂಶ ಜಾಸ್ತಿ, ಬಾಯಿ ತೆರೆದಿಟ್ಟ ಜೇನು ಅದನ್ನು ಹೀರಿಕೊಳ್ಳುತ್ತದೆ. ಮಳೆ ಮೋಡ ಇರುವ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ.

ತುಂಬಿದ ಮೇಲೆ ಎಲ್ಲ ಬಾಟಲಿಗಳನ್ನೂ ಹಳೆಯ ಪೇಪರ್ ಹಾಸಿ ತಲೆಕೆಳಗಾಗಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಎತ್ತಿದಾಗ ಪೇಪರಿಗೆ ಅಂಟಿಕೊಂಡ ಬಾಟಲಿಯ ಮುಚ್ಚಳ ಸರಿಯಿಲ್ಲ. ಇದೊಂದು ಮಾಡಿದರೆ ನೆಂಟರ ರೇಷ್ಮೆ ಸೀರೆ ಉಳಿಯುತ್ತದೆ. ಆಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸಿ ಸ್ಟಿಕ್ಕರ್ ಹಚ್ಚಿ. ಜೇನು ಹತ್ತಿದ ಗಾಜಿನ ಮೇಲೆ ಯಾವ ಸ್ಟಿಕ್ಕರೂ ನಿಲ್ಲುವುದಿಲ್ಲ, ಇರುವೆ ಬೇರೆ ಬರುತ್ತದೆ.

ಒಳಗೆ ಬಾದಾಮಿ, ಗುಲಾಬಿ ಎಸಳು, ನೆಲ್ಲಿಕಾಯಿ, ಶುಂಠಿ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹಸಿಯಾದದ್ದು ಏನು ಹಾಕಿದರೂ ನೀರು ಬಿಡುತ್ತದೆ. ಮರದ ಕಡ್ಡಿ ಕಟ್ಟಿ ಕೊಡುವುದೂ ಫೋಟೊಕ್ಕೆ ಮಾತ್ರ ಚೆಂದ, ಅಷ್ಟು ಚಿಕ್ಕ ಬಾಯಿಯೊಳಗೆ ಅದು ಇಳಿಯುವುದೂ ಇಲ್ಲ.

ಈಗ ಹೆಸರು. ನಿಮಗೆ ಇಷ್ಟವಾದ ಭಾಗ ಇದೇ ಎಂದು ಗೊತ್ತು. ಇಬ್ಬರ ಫೋಟೊ ಹಾಕಬೇಡಿ ಎನ್ನುವುದು ನನ್ನ ಅಭಿಪ್ರಾಯ. ಖಾಲಿಯಾದ ಮೇಲೆ ವಧುವರರ ಮುಖ ಇರುವ ಬಾಟಲಿಯನ್ನು ಕಸಕ್ಕೆ ಹಾಕಲೂ ಮನಸ್ಸು ಬರುವುದಿಲ್ಲ, ಅದರಲ್ಲಿ ಸಾಸಿವೆ ತುಂಬಿಡಲೂ ಮುಜುಗರ. ಇಬ್ಬರ ಹೆಸರು, ತಾರೀಕು, ಊರು ಸಾಕು. ಅದರ ಕೆಳಗೆ ಜೇನಿನ ವಿವರ ಹಾಕಿ: ಯಾವ ಹುಳದ್ದು, ಯಾವ ಊರಿನ ತೋಟದ್ದು, ಯಾವ ತಿಂಗಳು ತೆಗೆದದ್ದು. 'ತುಡುವೆ ಜೇನು, ಸುಬ್ರಹ್ಮಣ್ಯದ ಕಾಡಂಚು, ಮಾರ್ಚ್' ಎಂದು ಒಂದು ಸಾಲು ಇದ್ದರೆ ಓದಿದವರು ಪಕ್ಕದವರಿಗೆ ತೋರಿಸುತ್ತಾರೆ. ಹೆಸರು ಅಚ್ಚು ಹಾಕಿದ ಬಾಟಲಿಯನ್ನು ಯಾರು ಬೇಕಾದರೂ ಮಾಡಿಸಬಹುದು. ಆ ಸಾಲು ನಿಮ್ಮ ಮದುವೆಯ ಬಾಟಲಿಯ ಮೇಲೆ ಮಾತ್ರ ಇರುತ್ತದೆ.

ಹಿಂಬದಿಗೆ ಎರಡು ಸಾಲು ಬೇಕೇ ಬೇಕು. ಒಂದು: 'ಗಟ್ಟಿಯಾದರೆ ಕೆಟ್ಟಿಲ್ಲ. ಕೈ ತಾಳುವಷ್ಟು ಬಿಸಿನೀರಿನಲ್ಲಿ ಬಾಟಲಿ ಇಡಿ. ಫ್ರಿಜ್ಜಿನಲ್ಲಿ ಇಡಬೇಡಿ.' ಕೈ ತಾಳುವಷ್ಟು ಎಂದರೆ 40 ಡಿಗ್ರಿ ಆಸುಪಾಸು. ಗೂಡಿನೊಳಗೆ ಮರಿಗಳಿರುವ ಕಡೆ ಹುಳಗಳೇ 35 ಡಿಗ್ರಿ ಹತ್ತಿರ ಇಟ್ಟುಕೊಳ್ಳುತ್ತವೆ, ಹಾಗಾಗಿ ಇಷ್ಟು ಬಿಸಿಗೆ ಹೆದರಬೇಕಾಗಿಲ್ಲ. ಎರಡು: 'ಒಂದು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ.' ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೇನಿನಲ್ಲಿ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು. ದೊಡ್ಡವರಿಗೆ ಏನೂ ಆಗುವುದಿಲ್ಲ, ಹಸುಗೂಸಿನ ಕರುಳಿನಲ್ಲಿ ಅದು ಬೆಳೆದು ವಿಷ ಮಾಡುತ್ತದೆ. ನಮ್ಮಲ್ಲಿ ಮಗುವಿನ ನಾಲಿಗೆಗೆ ಜೇನು ಮುಟ್ಟಿಸುವ ರೂಢಿ ಇರುವುದರಿಂದಲೇ ಈ ಸಾಲು ಜಾಸ್ತಿ ಮುಖ್ಯ. 'ಶುಭ ಸಮಾರಂಭದಲ್ಲಿ ಇಂಥದ್ದೆಲ್ಲ ಯಾಕೆ' ಎಂದು ಯಾರಾದರೂ ಹೇಳಿದರೂ ಹಾಕಿ.

ಪ್ಯಾಕ್ ಮಾಡಿದ್ದನ್ನೇ ಕೊಳ್ಳುವುದಾದರೆ ಮಾರುವವರ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ತೂಕ, ಪ್ಯಾಕ್ ಮಾಡಿದ ದಿನ ಬಾಟಲಿಯ ಮೇಲೆ ಇರಬೇಕು. 'ಮದುವೆಯದ್ದಲ್ವಾ, ಅದೆಲ್ಲ ಬೇಡ, ಚೆಂದ ಕಾಣಲ್ಲ' ಎನ್ನುವ ಮಾರಾಟಗಾರರನ್ನು ದೂರ ಇಡಿ.

ಲೇಬಲ್ ಕನ್ನಡದಲ್ಲಿ ಮಾಡಿಸುವುದಾದರೆ, ಮಾಡಿಸಿ, ಒಂದು ಎಚ್ಚರ. ನೀವು ವಾಟ್ಸಾಪ್‌ನಲ್ಲಿ ಯೂನಿಕೋಡ್ ಅಕ್ಷರ ಕಳಿಸುತ್ತೀರಿ. ಪ್ರಿಂಟಿಂಗ್ ಅಂಗಡಿಯವರು ಹಳೆಯ ಸಾಫ್ಟ್‌ವೇರ್‌ನಲ್ಲಿ ಅಂಟಿಸುತ್ತಾರೆ. ಒತ್ತಕ್ಷರ ಕಳಚಿ ಬೀಳುತ್ತದೆ. ಐಶ್ವರ್ಯ ಹೋಗಿ 'ಐಶ್‌ವರ್‌ಯ' ಆಗುತ್ತದೆ. ಅಂಗಡಿಯಲ್ಲಿ ಕೂತ ಹುಡುಗನಿಗೆ ಕನ್ನಡ ಓದಲು ಬಾರದಿದ್ದರೆ ಅದು ಹಾಗೆಯೇ ಅಚ್ಚಾಗುತ್ತದೆ. ಅವರು ನುಡಿ, ಶ್ರೀಲಿಪಿಯಂಥ ಕನ್ನಡ ಸಾಫ್ಟ್‌ವೇರ್‌ನಲ್ಲಿ ಮತ್ತೆ ಟೈಪ್ ಮಾಡಲಿ, ಇಲ್ಲದಿದ್ದರೆ ನೀವೇ ವಿನ್ಯಾಸ ಮಾಡಿ ಪಿಡಿಎಫ್ ಕೊಡಿ. ಏನೇ ಆದರೂ ಒಂದು ಸ್ಟಿಕ್ಕರ್ ಕಾಗದದ ಮೇಲೆ ತೆಗೆಸಿ, ಬಾಟಲಿಗೆ ಸುತ್ತಿ, ಮನೆಯ ಹಿರಿಯರ ಕೈಗೆ ಕೊಟ್ಟು ಕನ್ನಡಕ ಇಲ್ಲದೆ ಓದಲು ಹೇಳಿ. ಅವರಿಗೆ ಆಗದಿದ್ದರೆ ಅಕ್ಷರ ದೊಡ್ಡದು ಮಾಡಿ. ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದ ಕಾಗದಕ್ಕೆ ಒದ್ದೆ ಕೈ ತಾಗಿದರೆ ಶಾಯಿ ಹರಡುತ್ತದೆ, ಅದು ಬೇಡ. ಲ್ಯಾಮಿನೇಷನ್ ಇರುವ ಸ್ಟಿಕ್ಕರ್ ಮಾಡಿಸಿ. ಬೆಂಗಳೂರಿನಲ್ಲಾದರೆ ಲಗ್ನಪತ್ರಿಕೆಗೆಂದು ಸುಲ್ತಾನ್‌ಪೇಟೆ ಕಡೆ ಹೇಗೂ ಹೋಗುತ್ತೀರಲ್ಲ, ಅಲ್ಲೇ ಇದನ್ನೂ ವಿಚಾರಿಸಿ.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಜೈನರು ಜೇನು ತಿನ್ನುವುದಿಲ್ಲ. ಮೂಡುಬಿದಿರೆ, ಕಾರ್ಕಳ, ಬೆಳ್ತಂಗಡಿ ಕಡೆಯಿಂದ ನಿಮಗೆ ಜೈನ ಸ್ನೇಹಿತರು, ಅಪ್ಪನ ವ್ಯವಹಾರದವರು ಬರುವವರಿದ್ದರೆ ಅವರ ಕೈಗೆ ಜೇನಿನ ಬಾಟಲಿ ಇಡುವುದು ಸರಿಯಾಗುವುದಿಲ್ಲ. ಅದೇ ಬಾಟಲಿ, ಅದೇ ಹೆಸರಿನ ಸ್ಟಿಕ್ಕರ್, ಒಳಗೆ ನಿಮ್ಮ ತೋಟದ ಕಾಳುಮೆಣಸು ತುಂಬಿ ಒಂದಿಪ್ಪತ್ತು ಬೇರೆ ಇಡಿ. ಕೊರಳಿಗೆ ಬೇರೆ ಬಣ್ಣದ ದಾರ ಕಟ್ಟಿದರೆ ಗಡಿಬಿಡಿಯಲ್ಲಿ ಅದಲುಬದಲಾಗುವುದಿಲ್ಲ. ವೀಗನ್ ಎನ್ನುವ ಬೆಂಗಳೂರಿನ ಗೆಳೆಯರಿಗೂ ಅದೇ ಆಗುತ್ತದೆ. ಸಕ್ಕರೆ ಕಾಯಿಲೆಯವರಿಗೂ ಬೇಕಾದರೆ ಅದನ್ನೇ ಕೊಡಿ. ಜೇನಾದರೆ ಪರವಾಗಿಲ್ಲ ಎಂದು ಕೆಲವರು ಹೇಳುತ್ತಾರೆ, ಜೇನೂ ಸಕ್ಕರೆಯೇ.

ಕೊನೆಗೆ ತಾಂಬೂಲದ ಚೀಲ. ನಮ್ಮಲ್ಲಿ ಅದರಲ್ಲಿ ತೆಂಗಿನಕಾಯಿ ಇರುತ್ತದೆ. ಗಾಜಿನ ಬಾಟಲಿ, ತೆಂಗಿನಕಾಯಿ ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ನಾಲ್ಕು ಸಲ ಕುಲುಕಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಒಡೆಯದಿದ್ದರೂ ಮುಚ್ಚಳ ಜಜ್ಜಿ ಸೋರುತ್ತದೆ. ಒಳಗೆ ಪುಟ್ಟ ಜೇಬು ಇರುವ ಬಟ್ಟೆ ಚೀಲ ಹೊಲಿಸಿ, ಇಲ್ಲವೇ ಬಾಟಲಿಯನ್ನು ಬೇರೆಯೇ ಕೈಗೆ ಕೊಡಿ. ಬೇರೆ ಕೊಡುವುದಾದರೆ ಊಟ ಮುಗಿಸಿ ಹೊರಡುವ ಬಾಗಿಲಲ್ಲಿ, ಯಾರು ಯಾವ ಮನೆಯವರು ಎಂದು ಗೊತ್ತಿರುವ ಚಿಕ್ಕಪ್ಪನನ್ನೋ ಸೋದರತ್ತೆಯನ್ನೋ ನಿಲ್ಲಿಸಿ. ಮನೆಗೊಂದು ಎನ್ನುವ ಲೆಕ್ಕ ನಿಲ್ಲುವುದು ಅವರಿಂದಲೇ. ಊಟದ ಟೇಬಲ್ ಮೇಲೆ ಮೊದಲೇ ಇಟ್ಟರೆ ಅರ್ಧ ಅಲ್ಲೇ ಉಳಿಯುತ್ತದೆ, ಇನ್ನರ್ಧ ಮಕ್ಕಳ ಕೈಯಲ್ಲಿ.

ಬೆಂಗಳೂರಿಗೆ ಸಾಗಿಸುವವನ್ನು ಖಾನೆ ಇರುವ ರಟ್ಟಿನ ಪೆಟ್ಟಿಗೆಯಲ್ಲಿ, ನೆಟ್ಟಗೆ ನಿಲ್ಲಿಸಿ ಒಯ್ಯಿರಿ. ಖಾಲಿ ಬಾಟಲಿ ಬಂದ ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೊಂಡರೆ ಅದೇ ಸಾಕು. ಘಾಟಿಯ ತಿರುವುಗಳಲ್ಲಿ ಅಡ್ಡ ಮಲಗಿಸಿದ ಬಾಟಲಿ ಸೋರದೆ ಬಂದರೆ ಅದೃಷ್ಟ. ವಿದೇಶದಿಂದ ಬಂದವರು ಯಾರಾದರೂ ಇದ್ದರೆ, ಜೇನನ್ನು ವಿಮಾನದಲ್ಲಿ ದ್ರವ ಎಂದೇ ಲೆಕ್ಕ ಹಾಕುತ್ತಾರೆ. ನಿಮ್ಮ 80 ಮಿ.ಲೀ. ಬಾಟಲಿ ಕೈಚೀಲದ 100 ಮಿ.ಲೀ. ಮಿತಿಯೊಳಗೆ ಬರುತ್ತದೆ, ಆದರೂ ಸೀಲ್ ಮಾಡಿದ್ದನ್ನೇ ಕೊಟ್ಟು ದೊಡ್ಡ ಪೆಟ್ಟಿಗೆಗೆ ಹಾಕಿಸಿ. ನ್ಯೂಜಿಲೆಂಡ್‌ನವರಿಗೆ ಮಾತ್ರ ಜೇನು ಬೇಡ, ಅಲ್ಲಿ ಒಳಗೆ ಬಿಡುವುದೇ ಇಲ್ಲ. ಅವರಿಗೆ ಮೆಣಸಿನ ಬಾಟಲಿಯೂ ಬೇಡ, ಗಿಡದ ಪದಾರ್ಥಕ್ಕೂ ಅಲ್ಲಿ ತಪಾಸಣೆ ಬಿಗಿ. ಒಂದು ರವಿಕೆ ಕಣ ಕೊಟ್ಟು ಕಳಿಸಿ.